ಪೂಗರಾಷ್ಟ್ರ ಮೀಮಾಂಸೆ

ಸಾಗರ, ಹೊಸನಗರ, ತೀರ್ಥಹಳ್ಳಿ ಎಂಬ ಮೂರು ತಾಲ್ಲೂಕುಗಳು ಶಿವಮೊಗ್ಗ ಜಿಲ್ಲೆಗೆ ಸೇರಿವೆ ಎಂದು ಕಂದಾಯ ಇಲಾಖೆಯ ನಕ್ಷೆ ಹೇಳುತ್ತದೆ. ನಕ್ಷೆಯ ಮೇಲೆ ನಮಗೆ ಯಾವ ಹಗೆಯೂ ಇಲ್ಲ. ಆದರೆ ಅದು ನೋಡಿದ್ದು ಗಡಿಕಲ್ಲುಗಳನ್ನು ಮಾತ್ರ. ಆ ಕಲ್ಲುಗಳ ಒಳಗೆ ಯಾರ ಆಳ್ವಿಕೆ ನಡೆದಿದೆ ಎಂದು ವಿಚಾರಿಸುವ ಗೋಜಿಗೆ ಹೋಗಿಲ್ಲ. ಈ ಮೂರು ತಾಲ್ಲೂಕುಗಳಲ್ಲಿ ಕಡಿಮೆಯೆಂದರೂ ಐದು ಶತಮಾನಗಳಿಂದ ಒಂದು ಧರ್ಮರಾಜ್ಯ ತಡೆಯಿಲ್ಲದೆ ನಡೆದುಕೊಂಡು ಬಂದಿದೆ. ಅದರ ಆರಾಧ್ಯದೈವ ಅಡಿಕೆ. ನಡುವೆ ಬಂದುಹೋದ ನಾಯಕರು, ನವಾಬರು, ದಿವಾನರು, ಮಂತ್ರಿಗಳು ಆ ರಾಜ್ಯದ ಲೆಕ್ಕ ಬರೆಯಲು ಕೂತ ಗುಮಾಸ್ತರೇ ಹೊರತು ಅರಸರಲ್ಲ. ಇದು ಈ ಪ್ರಬಂಧದ ಪ್ರತಿಜ್ಞೆ. ಇಷ್ಟು ಹಳೆಯ ರಾಜ್ಯಕ್ಕೆ ಇನ್ನೂ ನಾಮಕರಣವಾಗಿಲ್ಲದ ಕಾರಣ ಚರ್ಚೆಯ ಅನುಕೂಲಕ್ಕೆ ಅದನ್ನು ಪೂಗರಾಷ್ಟ್ರವೆಂದು ಕರೆಯೋಣ. ಪೂಗವೆಂದರೆ ಅಡಿಕೆ. ಸಂಸ್ಕೃತದಲ್ಲಿ ಹೆಸರಿಟ್ಟರೆ ಎಂಥ ವಸ್ತುವಿಗೂ ಪ್ರಾಚೀನತೆ ಬರುತ್ತದೆ, ಅನುದಾನದ ಅರ್ಜಿಯೂ ಸಲೀಸಾಗಿ ಮುಂದೆ ಹೋಗುತ್ತದೆ.

ಹೀಗೆ ಯಾರು ಬೇಕಾದರೂ ದೇಶ ಕಟ್ಟಬಹುದೇ ಎಂಬುದು ಮೊದಲ ಆಕ್ಷೇಪ. ಕಟ್ಟಬಹುದು ಎಂಬುದಕ್ಕೆ ಕರ್ನಾಟಕದಲ್ಲೇ ಈಚಿನ ಉದಾಹರಣೆಯಿದೆ. ಬಿಡದಿಯಲ್ಲಿ ಆಶ್ರಮ ನಡೆಸುತ್ತಿದ್ದ ನಿತ್ಯಾನಂದ 2019ರಲ್ಲಿ ಕೈಲಾಸವೆಂಬ ರಾಷ್ಟ್ರವನ್ನು ಸಾರಿದರು. ಅದಕ್ಕೆ ಜಾಲತಾಣ ಬಂತು, ಬಾವುಟ ಬಂತು, ಮರುವರ್ಷ ರಿಸರ್ವ್ ಬ್ಯಾಂಕೂ ಬಂತು. 2023ರ ಜನವರಿಯಲ್ಲಿ ಅಮೆರಿಕದ ನ್ಯೂಆರ್ಕ್ ನಗರ ಅದರೊಂದಿಗೆ ಸೋದರ ನಗರದ ಒಪ್ಪಂದಕ್ಕೆ ಸಹಿಯನ್ನೂ ಹಾಕಿ, ಆಮೇಲೆ ಎಚ್ಚೆತ್ತು ರದ್ದು ಮಾಡಿತು. ಅಲ್ಲಿ ಎಲ್ಲವೂ ಇತ್ತು, ನೆಲವೊಂದನ್ನು ಬಿಟ್ಟು. ಪೂಗರಾಷ್ಟ್ರದ ಸ್ಥಿತಿ ಇದಕ್ಕೆ ತದ್ವಿರುದ್ಧ. ಇಲ್ಲಿ ನೆಲವಿದೆ, ಉಳಿದದ್ದು ಯಾವುದೂ ಇಲ್ಲ, ಬೇಕಾಗಿಯೂ ಇಲ್ಲ. 1933ರ ಮಾಂಟೆವಿಡಿಯೊ ಒಡಂಬಡಿಕೆ ರಾಷ್ಟ್ರವೊಂದಕ್ಕೆ ನಾಲ್ಕು ಲಕ್ಷಣ ಹೇಳುತ್ತದೆ: ಖಾಯಂ ಜನ, ಗೊತ್ತಾದ ನೆಲ, ಸರ್ಕಾರ, ಹೊರದೇಶಗಳೊಂದಿಗೆ ವ್ಯವಹರಿಸುವ ಶಕ್ತಿ. ಜನ ಖಾಯಂ ಎನ್ನುವುದಕ್ಕೆ ಸಾಕ್ಷಿ ಬೇಡ. ತೋಟ ಬಿಟ್ಟು ಎರಡು ರಾತ್ರಿ ಹೊರಗೆ ಉಳಿಯಬೇಕೆಂದರೆ ಇಲ್ಲಿನ ಗೃಹಸ್ಥನಿಗೆ ಮಂಗ, ಕಳ್ಳ, ಪಂಪ್‌ಸೆಟ್ಟು ಎಂಬ ಮೂರು ಚಿಂತೆ ಹತ್ತುತ್ತವೆ. ಬೆಂಗಳೂರಿನ ಕಂಪನಿಗಳಲ್ಲಿರುವ ಮಕ್ಕಳು ಅನಿವಾಸಿ ಪ್ರಜೆಗಳು. ಅಡಿಕೆ ಕೊಯ್ಲಿಗೆ ರಜೆ ಹಾಕಿ ಬಂದು ಪೌರತ್ವ ನವೀಕರಿಸಿಕೊಳ್ಳುತ್ತಾರೆ. ನೆಲ ಗೊತ್ತಾದದ್ದೇ: ಎರಡು ಗುಡ್ಡಗಳ ಸಂದಿಯಲ್ಲಿ ನೀರು ಜಿನುಗುವ ಕಣಿವೆ, ಅದರ ನೆತ್ತಿಗೆ ಸೊಪ್ಪಿನ ಬೆಟ್ಟ. ಸರ್ಕಾರವೆಂದರೆ ಅಡಿಕೆ ಧಾರಣೆ. ಅದನ್ನು ಯಾರೂ ಚುನಾಯಿಸುವುದಿಲ್ಲ, ಯಾರೂ ಇಳಿಸಲಾರರು, ತಾನಾಗಿಯೇ ಇಳಿಯುತ್ತದೆ. ಹೊರದೇಶದ ವ್ಯವಹಾರ ದೊಡ್ಡ ವಿಷಯ, ಮುಂದೆ ಬರುತ್ತದೆ.

ಆದರೆ ನಮ್ಮ ಮುಖ್ಯ ಆಧಾರ ಮಾಂಟೆವಿಡಿಯೊ ಅಲ್ಲ, ಸ್ಥಳೀಯ ಪರಂಪರೆ. ಈ ಸೀಮೆಯಲ್ಲಿ ರಾಜ್ಯ ಕಟ್ಟುವ ಕ್ರಮವೇ ಬೇರೆ. ಉಳಿದೆಡೆ ಮೊದಲು ಸೈನ್ಯ, ಆಮೇಲೆ ಕೋಟೆ, ಕೈತುಂಬ ಕಾಸಾದ ಮೇಲೆ ದೇವಸ್ಥಾನ. ಇಲ್ಲಿ ಮೊದಲು ದೇವರು ಸಿಗುತ್ತಾನೆ, ಅವನು ಸಿಕ್ಕಲ್ಲಿ ರಾಜ್ಯ ಹುಟ್ಟುತ್ತದೆ. ಹೊಸನಗರ ತಾಲ್ಲೂಕಿನ ಹುಂಚದ ಐತಿಹ್ಯ ನೋಡಿ. ಉತ್ತರದಿಂದ ಪಾರಾಗಿ ಬಂದ ಜಿನದತ್ತರಾಯ ಲಕ್ಕಿ ಗಿಡದ ಬುಡದಲ್ಲಿ ಇಳಿದುಕೊಳ್ಳುತ್ತಾನೆ. ಜೊತೆಯಲ್ಲಿ ತಂದ ಪದ್ಮಾವತಿ ಅಲ್ಲಿಂದ ಮುಂದೆ ಬರಲು ಒಪ್ಪುವುದಿಲ್ಲ. ದೇವಿಯ ಸ್ಪರ್ಶದಿಂದ ಕಬ್ಬಿಣ ಚಿನ್ನವಾಗುತ್ತದೆ. ಸಾಂತರ ರಾಜ್ಯ ಶುರುವಾಗುತ್ತದೆ. 1077ರ ಪಂಚಕೂಟ ಬಸದಿ ಈಗಲೂ ಅಲ್ಲಿ ನಿಂತಿದೆ. ಸಾಗರ ತಾಲ್ಲೂಕಿನ ಕೆಳದಿಯಲ್ಲಿ ಹಸುವೊಂದು ಹುತ್ತದ ಮೇಲೆ ಹಾಲು ಸುರಿಸುತ್ತದೆ, ಹುತ್ತದೊಳಗೆ ಲಿಂಗ ಸಿಗುತ್ತದೆ, ಹೊಲದಲ್ಲಿ ನಿಧಿ ಸಿಗುತ್ತದೆ, ಚೌಡಪ್ಪ ಎಂಬ ಬೇಸಾಯಗಾರ 1499ರ ಸುಮಾರಿಗೆ ನಾಯಕನಾಗುತ್ತಾನೆ. ತೀರ್ಥಹಳ್ಳಿಗೆ ಪರಶುರಾಮನ ಕೊಡಲಿ ಇದೆ. ಯಾವ ನೀರಿನಲ್ಲೂ ಹೋಗದ ಅದರ ರಕ್ತದ ಕಲೆ ಅಲ್ಲಿ ತುಂಗೆಯಲ್ಲಿ ಹೋಯಿತಂತೆ, ಎಳ್ಳಮಾವಾಸ್ಯೆಗೆ ಜನ ಇಂದಿಗೂ ಅಲ್ಲಿ ಮುಳುಗು ಹಾಕುತ್ತಾರೆ. ಹೀಗೆ ತಾಲ್ಲೂಕಿಗೊಂದರಂತೆ ಮೂರು ಸ್ಥಾಪನಾ ಪುರಾಣಗಳಿರುವಾಗ ನಾಲ್ಕನೆಯದೊಂದು ಗುಪ್ತವಾಗಿ ಉಳಿದುಕೊಂಡಿರಲು ಸಾಧ್ಯವೆಂಬುದನ್ನು ತರ್ಕ ಬಲ್ಲವರು ಒಪ್ಪಲೇಬೇಕು.

ಆ ನಾಲ್ಕನೆಯದೇ ಮೂಲವೆಂದು ಏಕೆ ಹೇಳುತ್ತೇವೆ? ಉಳಿದವು ಮುಗಿದುಹೋದವು, ಇದು ಮುಗಿಯಲಿಲ್ಲ, ಅದಕ್ಕೆ. ಸಾಂತರರು ಹೋದರು. ಕೆಳದಿಯವರು ರಾಜಧಾನಿಯನ್ನು ಇಕ್ಕೇರಿಗೆ ಒಯ್ದರು, ಅಲ್ಲಿಂದ ಬಿದನೂರಿಗೆ ಒಯ್ದರು. 1763ರಲ್ಲಿ ಹೈದರಾಲಿ ಬಿದನೂರನ್ನೇ ಒಯ್ದು ಹೈದರನಗರ ಮಾಡಿದ. ಈಗ ಅದು ಹೊಸನಗರ ತಾಲ್ಲೂಕಿನ ನಗರ ಎಂಬ ಊರು. ಹೆಸರಿನಲ್ಲಿ ಮಾತ್ರ ನಗರ. ಅರಸುತನ ಬದಲಾದಾಗಲೆಲ್ಲ ತೋಟ ಬದಲಾಗಲಿಲ್ಲ, ತೋಟದ ಲೆಕ್ಕ ಬರೆಯುವವನು ಬದಲಾದ. ಕೆಳದಿಯ ಅರಸ ಶಿವಪ್ಪನಾಯಕನ ಕೀರ್ತಿ ಅವನ ಕತ್ತಿಯಿಂದ ಬಂದದ್ದಕ್ಕಿಂತ ಹೆಚ್ಚಾಗಿ ‘ಶಿಸ್ತು’ ಎಂಬ ಅವನ ಕಂದಾಯ ಪದ್ಧತಿಯಿಂದ ಬಂತು. ಗದ್ದೆಗೆ ಬೀಜವರಿಯ ಖಂಡುಗದ ಲೆಕ್ಕ, ಅಡಿಕೆ ತೋಟಕ್ಕೆ ಬೇರೆಯದೇ ಅಳತೆ. ಇತಿಹಾಸಕಾರರು ಇದನ್ನು ಆಡಳಿತ ಸುಧಾರಣೆ ಎನ್ನುತ್ತಾರೆ. ನಮ್ಮ ಓದು ಬೇರೆ: ದೇವರಿಗೂ ಪೈರಿಗೂ ಒಂದೇ ಕೊಳಗದಲ್ಲಿ ಅಳೆಯಬಾರದೆಂಬ ಧಾರ್ಮಿಕ ಸೂಕ್ಷ್ಮ ಅದು. ಹೈದರ ಬಂದ ಮೇಲೂ ತೋಟದ ಪಟ್ಟೆ ಇತ್ತು, ಮೈಸೂರಿನ ಒಡೆಯರ ಕಾಲದಲ್ಲೂ ಇತ್ತು, ಗಣರಾಜ್ಯದಲ್ಲಿ ಪಹಣಿಯ ಬೆಳೆ ಕಾಲಮ್ಮಿನಲ್ಲಿ ಇದೆ. ಐದುನೂರು ವರ್ಷ ಕಡತ ಒಂದೇ, ಸಹಿ ಮಾತ್ರ ಬೇರೆ ಬೇರೆ ಎಂದಾದರೆ ಒಡೆಯ ಯಾರು, ಗುಮಾಸ್ತ ಯಾರು?

ಅಡಿಕೆ ಒಂದು ಬೆಳೆ, ಅದನ್ನು ದೇವರೆನ್ನುವುದು ಅತಿಯಾಯಿತು ಎಂದು ಮೂಗು ಮುರಿಯುವವರಿದ್ದಾರೆ. ಅವರು ಪೂಜೆಯ ಮಣೆಯ ಮುಂದೆ ಸ್ವಲ್ಪ ಹೊತ್ತು ಕೂರಬೇಕು. ಯಾವ ಕಾರ್ಯ ಶುರುವಾದರೂ ಮೊದಲು ಗಣಪತಿ. ವಿಗ್ರಹ ಇಲ್ಲದಿದ್ದರೆ ಭಟ್ಟರು ಗಲಿಬಿಲಿಯಾಗುವುದಿಲ್ಲ, ವೀಳ್ಯದೆಲೆಯ ಮೇಲೆ ಒಂದು ಅಡಿಕೆ ಇಟ್ಟು ಅದರಲ್ಲೇ ಆವಾಹನೆ ಮಾಡುತ್ತಾರೆ. ಗಣಪತಿ ಇಲ್ಲದಾಗ ಅಡಿಕೆ ಸಾಕು. ಅಡಿಕೆ ಇಲ್ಲದಾಗ ಏನು ಮಾಡಬೇಕು? ಈ ಪ್ರಶ್ನೆಗೆ ಪೂಗರಾಷ್ಟ್ರದ ಪುರೋಹಿತವರ್ಗದಲ್ಲಿ ಉತ್ತರವಿಲ್ಲ, ಏಕೆಂದರೆ ಪ್ರಶ್ನೆಯೇ ಇದುವರೆಗೆ ಎದ್ದಿಲ್ಲ. ಮದುವೆ ನಿಶ್ಚಯವಾಗುವುದು ಎಲೆಅಡಿಕೆ ಬದಲಾದಾಗ, ನೆಂಟ ಕೋಪಿಸಿಕೊಳ್ಳುವುದು ಎಲೆಅಡಿಕೆ ಕೊಟ್ಟು ಕರೆಯದಿದ್ದಾಗ, ದಕ್ಷಿಣೆ ದಕ್ಷಿಣೆಯಾಗುವುದು ತಾಂಬೂಲದ ಮೇಲೆ ಕೂತಾಗ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಗಾದೆಯನ್ನು ನೀತಿಮಾತೆಂದು ಶಾಲೆಯಲ್ಲಿ ಹೇಳಿಕೊಡುತ್ತಾರೆ. ಸರಿಯಾಗಿ ನೋಡಿದರೆ ಅದು ರಾಷ್ಟ್ರದ ವಿನಿಮಯ ದರ. ಒಂದು ಅಡಿಕೆಯ ಬೆಲೆ ಒಂದು ಆನೆಗಿಂತ ಹೆಚ್ಚೆಂದು ಅದು ಯಾವ ಗೊಂದಲವೂ ಇಲ್ಲದೆ ಹೇಳಿದೆ. ದೇವರೆನಿಸಿಕೊಳ್ಳಲು ಇನ್ನೊಂದು ಮುಖ್ಯ ಲಕ್ಷಣ ಬೇಕು: ಭಕ್ತನನ್ನು ಕಾರಣವಿಲ್ಲದೆ ಶಿಕ್ಷಿಸುವ ಶಕ್ತಿ. ಆಷಾಢ ಶ್ರಾವಣದಲ್ಲಿ ಮಳೆ ಬಿಡದೆ ಹೊಡೆದು, ಹಸಿರು ಕಾಯಿಗೆ ನೀರು ಹಿಡಿದಂತಾಗಿ, ರಾತ್ರಿಯೆಲ್ಲ ಉದುರಿ, ಬೆಳಿಗ್ಗೆ ಮರದ ಬುಡದಲ್ಲಿ ಬಿಳಿ ಬೂಸಲು ಹಿಡಿದು ಬಿದ್ದಿರುವ ಅಡಿಕೆಯನ್ನು ನೋಡಿದ ಯಾವನೂ ಈ ಲಕ್ಷಣದ ಬಗ್ಗೆ ಸಂಶಯ ಪಡುವುದಿಲ್ಲ. ಅದಕ್ಕೆ ಕೊಳೆ ಎಂದು ಹೆಸರು. ಪಕ್ಕದ ತೋಟಕ್ಕೆ ಬಾರದೆ ತನ್ನ ತೋಟಕ್ಕೇ ಏಕೆ ಬಂತು ಎಂಬುದು ಪೂಗಮತದ ಮೂಲಭೂತ ತಾತ್ವಿಕ ಸಮಸ್ಯೆ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗಿಂತ ಹೆಚ್ಚು ಮಳೆ ಸುರಿಯುವ ಆಗುಂಬೆ ತೀರ್ಥಹಳ್ಳಿ ತಾಲ್ಲೂಕಿನಲ್ಲೇ ಇರುವುದರಿಂದ ಈ ಸಮಸ್ಯೆಯ ಅಧ್ಯಯನಕ್ಕೆ ಸಾಮಗ್ರಿಯ ಕೊರತೆ ಎಂದೂ ಆಗಿಲ್ಲ.

ಪ್ರತಿ ಮತಕ್ಕೂ ಒಬ್ಬ ಪ್ರವಾದಿ ಇರುತ್ತಾನೆ. ಪೂಗಮತದ ಪ್ರವಾದಿ ಕೆನಡಾದವನು. ಲೆಸ್ಲಿ ಕೋಲ್ಮನ್ 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದು, ಮಲೆನಾಡಿನ ಕೊಳೆರೋಗವನ್ನು ಅಭ್ಯಾಸ ಮಾಡಿ, ಅದು ಗ್ರಾಮದೇವತೆ ಚೌಡಿಯ ಮುನಿಸಲ್ಲ, ಫೈಟಾಫ್ತೊರಾ ಎಂಬ ಸೂಕ್ಷ್ಮಜೀವಿಯ ಕೆಲಸವೆಂದು 1910ರ ಹೊತ್ತಿಗೆ ಬರೆದಿಟ್ಟ. ಮದ್ದಾಗಿ ಅವನು ಪ್ರಚಾರಕ್ಕೆ ತಂದದ್ದು ಬೋರ್ಡೋ ದ್ರಾವಣ. ಅದರ ಹುಟ್ಟು ಫ್ರಾನ್ಸಿನ ದ್ರಾಕ್ಷಿ ತೋಟದಲ್ಲಿ. ದಾರಿಹೋಕರು ಹಣ್ಣು ಕದಿಯದಿರಲೆಂದು ರಸ್ತೆ ಬದಿಯ ಬಳ್ಳಿಗೆ ಬೆಳೆಗಾರರು ಮೈಲುತುತ್ತ, ಸುಣ್ಣ ಬಳಿಯುತ್ತಿದ್ದರು. ಆ ಬಳ್ಳಿಗಳಿಗೆ ಮಾತ್ರ ರೋಗ ತಗಲಿಲ್ಲವೆಂದು ಮಿಲ್ಲಾರ್ಡೆ ಎಂಬ ಪ್ರಾಧ್ಯಾಪಕ ಗಮನಿಸಿ 1885ರಲ್ಲಿ ಪ್ರಕಟಿಸಿದ. ಕಳ್ಳರನ್ನು ಬೆದರಿಸಲು ಹುಟ್ಟಿದ ನೀರು ಸಾವಿರಾರು ಮೈಲಿ ಆಚೆಯ ಇನ್ನೊಂದು ದೇಶದಲ್ಲಿ ತೀರ್ಥವಾದದ್ದು ತೌಲನಿಕ ಧರ್ಮಶಾಸ್ತ್ರದಲ್ಲಿ ಅಪರೂಪದ ಘಟನೆ. ಅದರ ವಿಧಿ ಮಾತ್ರ ಯಾವ ಆಗಮಕ್ಕೂ ಕಡಿಮೆಯಿಲ್ಲ. ಒಂದು ಕಿಲೋ ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿ ಕರಗಿಸಬೇಕು. ಒಂದು ಕಿಲೋ ಸುಣ್ಣವನ್ನು ಇನ್ನೊಂದು 50 ಲೀಟರಿನಲ್ಲಿ ಕದಡಿ ಸೋಸಬೇಕು. ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು. ಸುಣ್ಣವನ್ನು ತುತ್ತಕ್ಕೆ ಸುರಿದರೆ ಅಪಚಾರ. ಕಬ್ಬಿಣದ ಪಾತ್ರೆ ನಿಷಿದ್ಧ. ಕೊನೆಯಲ್ಲಿ ಹೊಳೆಯುವ ಕತ್ತಿಯನ್ನು ದ್ರಾವಣದಲ್ಲಿ ಅದ್ದಿ ತೆಗೆಯಬೇಕು. ಅಲಗಿನ ಮೇಲೆ ತಾಮ್ರದ ಕೆಂಪು ಕೂತಿದ್ದರೆ ಸುಣ್ಣ ಸಾಲದು ಎಂದರ್ಥ. ಮಾಡಿದ ದಿನವೇ ಮುಗಿಸಬೇಕು, ತಂಗಳು ಸಲ್ಲದು. ಮಳೆಗಾಲ ಹಿಡಿಯುವ ಮೊದಲು ಒಂದು ಸಲ, ನಲವತ್ತು ನಲವತ್ತೈದು ದಿನ ಬಿಟ್ಟು ಮತ್ತೊಂದು ಸಲ. ಈ ವ್ರತ ಮುಗಿಸಿದವನ ಅಂಗಿ, ಪಂಚೆ, ಕೂದಲು, ಉಗುರು ಎಲ್ಲವೂ ತಿಳಿನೀಲಿಯಾಗಿರುತ್ತವೆ. ದೀಕ್ಷಾವಸ್ತ್ರಕ್ಕೆ ಬೇರೆ ಖರ್ಚಿಲ್ಲ. ಚೌಡಿಗೂ ಹರಕೆ ಹೇಳಿ, ತೋಟಕ್ಕೂ ಔಷಧಿ ಹೊಡೆಸುವುದು ಇಲ್ಲಿ ವಿರೋಧಾಭಾಸವಲ್ಲ. ಎರಡರಲ್ಲಿ ಯಾವುದಕ್ಕೆ ಫಲ ಬಂತೆಂದು ಹೇಳಲಾಗದಿದ್ದರೂ ಬಿಲ್ಲು ಬರುವುದು ಔಷಧಿಗೆ ಮಾತ್ರ.

ಇಲ್ಲಿ ವಿದ್ವಾಂಸರು ಸಾಮಾನ್ಯವಾಗಿ ಮುಖ ತಿರುಗಿಸುವ ಒಂದು ಅಧ್ಯಾಯವಿದೆ. ಮತವೆಂದ ಮೇಲೆ ಭಕ್ತನೂ ಬೇಕು, ಅರ್ಚಕನೂ ಬೇಕು. ಉಳಿದ ಮತಗಳಲ್ಲಿ ದೇವರನ್ನು ಮುಟ್ಟುವ ಅಧಿಕಾರವಿರುವವನು ಮೇಲು, ದೂರ ನಿಲ್ಲುವವನು ಕೀಳು. ಪೂಗಮತದಲ್ಲಿ ದೇವರನ್ನು ಮುಟ್ಟುವವನು ಕೊನೆಗೌಡ. ಕಾಲಿಗೆ ತಳೆ ಹಾಕಿಕೊಂಡು ಐವತ್ತು ಅರವತ್ತು ಅಡಿ ಏರಿ, ನೆತ್ತಿಯಲ್ಲಿ ಕೂತು, ಕೊನೆ ಕೊಯ್ದು ಹಗ್ಗದ ಮೇಲೆ ಜಾರಿಬಿಟ್ಟು, ಮರವನ್ನೇ ತೂಗಿ ಬಗ್ಗಿಸಿ ಪಕ್ಕದ ಮರಕ್ಕೆ ದಾಟುವವನು ಅವನು. ಯಜಮಾನ ಕೆಳಗೆ ಕತ್ತೆತ್ತಿ ನಿಂತಿರುತ್ತಾನೆ. ಎತ್ತರದ ಲೆಕ್ಕದಲ್ಲಿ ಯಾರು ಯಾರಿಗಿಂತ ಮೇಲೆಂಬುದು ಅಲ್ಲಿ ಸ್ಪಷ್ಟ. ಇಳಿದು ಬಂದು ಅಂಗಳದ ತುದಿಯಲ್ಲಿ ಕೂಲಿಗೆ ನಿಂತಾಗ ಲೆಕ್ಕ ತಿರುಗಿಬಿದ್ದಿರುತ್ತದೆ. ರಾತ್ರಿ ಮೆಟ್ಟುಗತ್ತಿಯ ಮುಂದೆ ಸಾಲಾಗಿ ಕೂತು ಅಡಿಕೆ ಸುಲಿಯುವ ಹೆಂಗಸರ ಬೆರಳಿಗೆ ಚೊಗರಿನ ಕಪ್ಪು ಹಿಡಿದರೆ ಆ ಋತು ಮುಗಿದ ಮೇಲೂ ಬಿಡುವುದಿಲ್ಲ. ಅವರ ಪುಣ್ಯದ ಅಳತೆ ಡಬ್ಬಕ್ಕೆ ಇಷ್ಟು ಎಂದು. ಪೂಗರಾಷ್ಟ್ರದ ಪೌರತ್ವ ತೋಟದ ಪಹಣಿಯ ಮೇಲೆ ನಿಂತಿರುವುದರಿಂದ ಇವರನ್ನು ಏನೆಂದು ಕರೆಯಬೇಕೆಂಬುದು ಸಂವಿಧಾನದಲ್ಲಿ ಬಿಟ್ಟುಹೋಗಿದೆ. ಬಿಟ್ಟುಹೋದದ್ದನ್ನು ನೆನಪಿಸಿದವರೂ ಇದೇ ಮಣ್ಣಿನವರು. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನ ಗೇಣಿ ರೈತರು, ಹೆಚ್ಚಿನವರು ದೀವರು, ಒಡೆಯರು ಗೇಣಿ ಅಳೆಯುವ ಕೊಳಗ ದೊಡ್ಡದೆಂದು ಎದ್ದು ನಿಂತರು. ರೈತ ಮುಖಂಡ ಗಣಪತಿಯಪ್ಪನವರು ಮುಂದೆ ನಿಂತರು, ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಜಗಳ ಭತ್ತದ್ದು, ಅಡಿಕೆಯದಲ್ಲ ಎಂದು ಸನಾತನಿಗಳು ವಾದಿಸಬಹುದು. ಆದರೆ ಗದ್ದೆಯ ಕೊಳಗ ಪ್ರಶ್ನೆಗೆ ಬಂದ ಮೇಲೆ ತೋಟದ ತಕ್ಕಡಿ ಬಹಳ ಕಾಲ ಬಚಾವಾಗಲಿಲ್ಲ. 1974ರ ಭೂಸುಧಾರಣೆಯಲ್ಲಿ ಉಳುವವನ ಹೆಸರು ಪಹಣಿಗೆ ಬಂತು. ಹೊಸದಾಗಿ ನೆಲ ಸಿಕ್ಕವರು ಮೊದಲು ಮಾಡಿದ್ದೇನು? ನೀರು ಇದ್ದಲ್ಲೆಲ್ಲ ಅಡಿಕೆ ಸಸಿ ನೆಟ್ಟರು. ಒಡೆತನ ಬದಲಾಯಿತು, ಮತ ಬದಲಾಗಲಿಲ್ಲ. ನಮ್ಮ ಪ್ರತಿಜ್ಞೆಗೆ ಇದಕ್ಕಿಂತ ಬಲವಾದ ಸಾಕ್ಷಿ ಸಿಗಲಾರದು, ಇದಕ್ಕಿಂತ ಮುಜುಗರದ ಸಾಕ್ಷಿಯೂ.

ಇನ್ನು ಪೂರ್ವಪಕ್ಷಗಳಲ್ಲೇ ಗಟ್ಟಿಯಾದದ್ದಕ್ಕೆ ಬರೋಣ: ವರದಹಳ್ಳಿ. ಸಾಗರಕ್ಕೆ ಹತ್ತಿರದ ಈ ಹಳ್ಳಿಯ ಗುಡ್ಡದಲ್ಲಿ ಶ್ರೀಧರ ಸ್ವಾಮಿಗಳ ಆಶ್ರಮವಿದೆ, ದುರ್ಗಾಂಬೆಯ ಗುಡಿಯಿದೆ, ಗೋಮುಖದಿಂದ ಧುಮುಕುವ ಶ್ರೀಧರತೀರ್ಥವಿದೆ, ಮೆಟ್ಟಿಲು ಹತ್ತಿದರೆ 1973ರಲ್ಲಿ ಅಲ್ಲಿಯೇ ದೇಹ ಬಿಟ್ಟ ಸ್ವಾಮಿಗಳ ಸಮಾಧಿ ಇದೆ. ದತ್ತಜಯಂತಿಗೆ ಬರುವ ಜನಸಾಗರವನ್ನು ನೋಡಿದ ಮೇಲೆ ಈ ಸೀಮೆಯ ನಿಜವಾದ ಮತ ಇದು, ಅಡಿಕೆಯಲ್ಲ ಎಂದು ಯಾರಾದರೂ ಹೇಳಿದರೆ ತಳ್ಳಿಹಾಕುವುದು ಕಷ್ಟ. ನಮ್ಮ ಸಮಾಧಾನ ಹೀಗೆ. ಪ್ರಶ್ನೆ ಇರುವುದು ಮನೆಯಲ್ಲೇ ಬೆಳೆದ ಮತದ ಬಗ್ಗೆ. ವರದಹಳ್ಳಿಯದು ಅತಿಥಿಯಾಗಿ ಬಂದು ಪೂಜ್ಯವಾದ ಮತ. ಸ್ವಾಮಿಗಳು 1908ರಲ್ಲಿ ಹುಟ್ಟಿದ್ದು ಕಲಬುರಗಿ ಕಡೆಯ ಲಾಡ ಚಿಂಚೋಳಿಯಲ್ಲಿ, ಸಾಧನೆ ಮಾಡಿದ್ದು ಸಾತಾರದ ಸಜ್ಜನಗಡದಲ್ಲಿ, ಅವರ ಪರಂಪರೆ ಸಮರ್ಥ ರಾಮದಾಸರದು. ರಾಮದಾಸರನ್ನು ಶಿವಾಜಿ ಗುರುವೆಂದು ಗೌರವಿಸಿದನೆಂದು ಪರಂಪರೆ ಹೇಳುತ್ತದೆ. ಆ ಶಿವಾಜಿಯ ಮಗ ರಾಜಾರಾಮ 1689ರಲ್ಲಿ ಮೊಗಲರಿಂದ ತಪ್ಪಿಸಿಕೊಂಡು ಜಿಂಜಿಗೆ ಹೋಗುವಾಗ ಆಶ್ರಯ ಕೊಟ್ಟವಳು ಕೆಳದಿಯ ಚೆನ್ನಮ್ಮ. ಔರಂಗಜೇಬನ ಸೈನ್ಯ ಬಂದರೂ ಅವಳು ಮಣಿಯಲಿಲ್ಲ. ಸಜ್ಜನಗಡದ ಕಡೆಯ ಒಬ್ಬ ರಾಜಕುಮಾರನನ್ನು ಈ ನೆಲ ಕಾಪಾಡಿ ಕಳಿಸಿತು. ಸುಮಾರು ಎರಡೂವರೆ ಶತಮಾನ ಕಳೆದ ಮೇಲೆ ಸಜ್ಜನಗಡದ ಕಡೆಯಿಂದ ಒಬ್ಬ ಸಂತರು ಈ ನೆಲಕ್ಕೆ ಬಂದರು. ರಾಜತಾಂತ್ರಿಕ ಸಂಬಂಧಗಳಲ್ಲಿ ಉಪಕಾರಕ್ಕೆ ಇಷ್ಟು ನಿಧಾನವಾಗಿ, ಇಷ್ಟು ಬಡ್ಡಿ ಸಮೇತ ಪ್ರತ್ಯುಪಕಾರವಾದ ಉದಾಹರಣೆ ಕಡಿಮೆ. ಆದ್ದರಿಂದ ವರದಹಳ್ಳಿಯನ್ನು ಪೂಗರಾಷ್ಟ್ರದೊಳಗಿನ ರಾಯಭಾರ ಕಚೇರಿಯೆಂದು ಪರಿಗಣಿಸುವುದೇ ಯುಕ್ತ. ಅದರ ಆವರಣದಲ್ಲಿ ರಾಷ್ಟ್ರದ ಕಾನೂನು ನಡೆಯುವುದಿಲ್ಲ. ಕೌಪೀನ, ಕಮಂಡಲು ಬಿಟ್ಟು ಏನನ್ನೂ ಇಟ್ಟುಕೊಳ್ಳದವರ ಸನ್ನಿಧಿಯಲ್ಲಿ ಕ್ವಿಂಟಾಲಿನ ಮಾತು ನಾಲಿಗೆಗೆ ಬರುವುದಿಲ್ಲ. ಪ್ರಜೆಗಳು ಅಲ್ಲಿಗೆ ಹೋಗಿ ತೀರ್ಥಕ್ಕೆ ತಲೆಯೊಡ್ಡಿ, ಪಂಕ್ತಿಯಲ್ಲಿ ಉಂಡು, ಅರ್ಧ ದಿನದ ಮಟ್ಟಿಗೆ ಪೌರತ್ವ ತ್ಯಜಿಸಿ ಬರುತ್ತಾರೆ. ಧಾರಣೆ ಬಿದ್ದ ವರ್ಷ ಈ ವೈರಾಗ್ಯ ಗಾಢವಾಗಿಯೂ, ಏರಿದ ವರ್ಷ ಹರಕೆ ತೀರಿಸುವ ರೂಪದಲ್ಲೂ ಪ್ರಕಟವಾಗುತ್ತದೆಂಬುದು ವಿರಕ್ತರನ್ನು ಕುರಿತ ಆಕ್ಷೇಪವಲ್ಲ, ಭಕ್ತರನ್ನು ಕುರಿತದ್ದು. ಅಷ್ಟಕ್ಕೂ ಫಲತಾಂಬೂಲದ ತಟ್ಟೆ ಹಿಡಿದೇ ಅವರು ಆ ಮೆಟ್ಟಿಲು ಹತ್ತುವುದು.

ಅತಿಥಿ, ಮನೆಯವರು ಎಂಬ ಈ ವಾದವನ್ನು ಹಿಡಿದು ಎದುರಾಳಿ ತಿರುಗಿ ಹೊಡೆಯಬಹುದು: ಅಡಿಕೆ ಮಾತ್ರ ಇಲ್ಲಿನದೇ? ಸಸ್ಯಶಾಸ್ತ್ರಜ್ಞರು ಅದರ ಮೂಲವನ್ನು ಮಲಯ, ಫಿಲಿಪ್ಪೀನ್ಸ್ ಕಡೆ ತೋರಿಸುತ್ತಾರೆ. ಮದ್ದು ಫ್ರಾನ್ಸಿನದು, ಪ್ರವಾದಿ ಕೆನಡಾದವನು, ದೇವರು ಸಮುದ್ರದಾಚೆಯವನು, ಮನೆಯದೇನು ಉಳಿಯಿತು? ಉಳಿದದ್ದು ಚೊಗರು. ಸುಲಿದ ಅಡಿಕೆಯನ್ನು ಹಂಡೆಯಲ್ಲಿ ಬೇಯಿಸಿ ಉಳಿಸಿಕೊಂಡ ಆ ಕಂದುಕೆಂಪು ರಸವನ್ನು ಮುಂದಿನ ಬೇಯಿಕೆಗೆ ಬೆರೆಸುವ ಹದ, ಬೆಂದ ಅಡಿಕೆಯನ್ನು ಚಪ್ಪರದ ಮೇಲೆ ಹರವಿ ಒಣಗಿಸುವ ಹದ, ರಾಶಿ, ಬೆಟ್ಟೆ, ಗೊರಬಲು, ಸರಕು ಎಂದು ಕಣ್ಣಳತೆಯಲ್ಲೇ ವಿಂಗಡಿಸುವ ಹದ, ಇವು ಯಾವ ಹಡಗಿನಲ್ಲೂ ಬಂದದ್ದಲ್ಲ. ದೇವರು ಎಲ್ಲಿಂದ ಬಂದರೂ ಆಗಮ ಇಲ್ಲಿನದು. ಪದ್ಮಾವತಿಯೂ ಹೊರಗಿನಿಂದ ಬಂದವಳೇ. ಲಕ್ಕಿ ಗಿಡದ ಬುಡದಲ್ಲಿ ನಿಂತ ಮೇಲೆ ಊರಿನವಳಾದಳು. ಕುಪ್ಪಳಿಯ ಕುವೆಂಪು ಬೋಧಿಸಿದ ವಿಶ್ವಮಾನವ ಧರ್ಮವೇ ನಿಜವಾದ ಸ್ವದೇಶಿ ಮತವಲ್ಲವೇ ಎಂಬ ಇನ್ನೊಂದು ಮಾತಿದೆ. ಅದು ಗಡಿಯೇ ಬೇಡವೆನ್ನುವ ಮತವಾದ್ದರಿಂದ ರಾಷ್ಟ್ರ ಕಟ್ಟಲು ಕೆಲಸಕ್ಕೆ ಬರುವುದಿಲ್ಲ. ಹೆಗ್ಗೋಡಿನ ರಂಗಸಂಸ್ಥೆ ನೀನಾಸಮ್ಮನ್ನು ಪ್ರತ್ಯೇಕ ಪಂಥವೆಂದು ಎಣಿಸುವವರು ಅದನ್ನು 1949ರಲ್ಲಿ ಕಟ್ಟಿದವರಲ್ಲೊಬ್ಬರಾದ ಕೆ.ವಿ. ಸುಬ್ಬಣ್ಣನವರು ಅಡಿಕೆ ಬೆಳೆಗಾರರೂ ಆಗಿದ್ದರೆಂಬುದನ್ನು ಮರೆಯುತ್ತಾರೆ. ಶೇಕ್ಸ್‌ಪಿಯರ್ ಆ ಹಳ್ಳಿಗೆ ಬಂದದ್ದು ತೋಟದ ದಾರಿಯಲ್ಲೇ.

ವಿದೇಶಾಂಗ ನೀತಿಯಲ್ಲಿ ಪೂಗರಾಷ್ಟ್ರದ ಸ್ಥಾನ ವಿಚಿತ್ರವಾದದ್ದು. ಇದು 1939ರಲ್ಲಿ ಹುಟ್ಟಿದ ಮ್ಯಾಮ್‌ಕೋಸ್ ಎಂಬ ಅಡಿಕೆ ಬೆಳೆಗಾರರ ಸಹಕಾರ ಸಂಘವನ್ನು ತನ್ನ ಕೋಶಾಗಾರವಾಗಿ ಶಿವಮೊಗ್ಗದಲ್ಲಿ ಇಟ್ಟುಕೊಂಡಿದೆ. ಕೊಳ್ಳುವ ದೇಶಗಳು ವಿಂಧ್ಯದ ಆಚೆ ಇವೆ. ಭಕ್ತರು ತಮ್ಮ ದೇವರನ್ನು ಪೂಜಿಸುತ್ತಾರೆ, ಒಣಗಿಸುತ್ತಾರೆ, ತೂಗುತ್ತಾರೆ. ಮುಖ್ಯವಾಗಿ ತಿನ್ನುವವರು ಪರದೇಶದವರು, ಅದೂ ಪಾನ್ ಮಸಾಲ, ಗುಟ್ಕಾ ರೂಪದಲ್ಲಿ. 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ ಅಡಿಕೆಯನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ರಾಷ್ಟ್ರದ ಆಸ್ಥಾನ ವಿದ್ವಾಂಸರು ಇದಕ್ಕೆ ಕೊಡುವ ಉತ್ತರಗಳು ಹಲವು: ತಂಬಾಕಿನ ತಪ್ಪನ್ನು ಅಡಿಕೆಯ ತಲೆಗೆ ಕಟ್ಟಿದ್ದಾರೆ, ಆಯುರ್ವೇದ ಅದನ್ನು ಹೊಗಳಿದೆ, ಅಜ್ಜ ತೊಂಬತ್ತು ವರ್ಷ ಕವಳ ಹಾಕಿ ಬದುಕಿದ್ದ. ಮೊದಲನೆಯದಕ್ಕೆ ಆ ಸಂಸ್ಥೆಯ ವರದಿಯಲ್ಲೇ ಪ್ರತ್ಯುತ್ತರವಿದೆ. ತಂಬಾಕು ಸೇರಿಸದೆ ಜಗಿದರೂ ಅಪಾಯವಿದೆ ಎಂದು ಅದು ಬೇರೆಯಾಗಿಯೇ ಹೇಳಿದೆ. ಮೂರನೆಯದು ಸಾಕ್ಷ್ಯವಲ್ಲ, ಅಜ್ಜನ ಮೇಲಿನ ಪ್ರೀತಿ. ನಾವು ಪ್ರಬಂಧಕಾರರಾಗಿ ಹೇಳುವುದಿಷ್ಟೇ: ತನ್ನ ದೇವರ ಪ್ರಸಾದವನ್ನು ತಾನು ಹಿತಮಿತವಾಗಿ ಮುಟ್ಟಿ, ಪರರಾಜ್ಯದವರ ಬಾಯಿಗೆ ಚೀಟಿ ಚೀಟಿಯಾಗಿ ಸುರಿಯುವ ಮತ ಜಗತ್ತಿನಲ್ಲಿ ಇನ್ನೊಂದಿರಲಾರದು, ಆ ಬಾಯಿಗಳ ಲೆಕ್ಕ ಮಂಡಿಯ ಪುಸ್ತಕದಲ್ಲಿ ಬರುವುದಿಲ್ಲ. ಕರ್ನಾಟಕ ಸರ್ಕಾರ 2013ರಲ್ಲಿ ಗುಟ್ಕಾ ನಿಷೇಧಿಸಿದಾಗ ರಾಷ್ಟ್ರದಲ್ಲಿ ಸೂತಕದ ವಾತಾವರಣವಿತ್ತು. ಮಸಾಲೆಯ ಪೊಟ್ಟಣ ಒಂದು, ತಂಬಾಕಿನ ಪೊಟ್ಟಣ ಒಂದು ಎಂದು ಮಾರುಕಟ್ಟೆ ಅದ್ವೈತವನ್ನು ಬಿಟ್ಟು ದ್ವೈತಕ್ಕೆ ಬಂದ ಮೇಲೆ ಸೂತಕ ಕಳೆಯಿತು. ಶತ್ರುರಾಷ್ಟ್ರಗಳ ಪಟ್ಟಿಯೂ ಸ್ಪಷ್ಟವಾಗಿದೆ. 2023ರಲ್ಲಿ ಆಮದು ಅಡಿಕೆಯ ಕನಿಷ್ಠ ಬೆಲೆಯನ್ನು ಕಿಲೋಗೆ 251ರಿಂದ 351 ರೂಪಾಯಿಗೆ ಏರಿಸಿದ್ದು ಗಡಿಗೆ ಬೇಲಿ ಎತ್ತರಿಸಿದಂತೆ. ಅದಕ್ಕೂ ಹಿಂದಿನ ವರ್ಷ ಭೂತಾನದಿಂದ 17,000 ಟನ್ ಹಸಿ ಅಡಿಕೆಯನ್ನು ಈ ಕನಿಷ್ಠ ಬೆಲೆಯ ಷರತ್ತಿಲ್ಲದೆ ಬಿಟ್ಟುಕೊಳ್ಳಲು ದಿಲ್ಲಿ ಒಪ್ಪಿದಾಗ ಸಾಗರ, ತೀರ್ಥಹಳ್ಳಿಯ ಚಹಾದಂಗಡಿಗಳಲ್ಲಿ ಆ ಪುಟ್ಟ ಬೌದ್ಧ ರಾಜ್ಯದ ಬಗ್ಗೆ ಆಡಿಕೊಂಡ ಮಾತುಗಳನ್ನು ಯಾವ ರಾಯಭಾರಿಯೂ ಅನುವಾದಿಸುವ ಧೈರ್ಯ ಮಾಡಲಿಕ್ಕಿಲ್ಲ.

ಕೊನೆಯ ಆಕ್ಷೇಪಕ್ಕೆ ಉತ್ತರಿಸುವುದು ಕಷ್ಟ. ದೇವರಿಗೇ ಕಾಯಿಲೆಯಾದರೆ ರಾಷ್ಟ್ರದ ಗತಿಯೇನು? ಹಳದಿ ಎಲೆ ರೋಗ ಶೃಂಗೇರಿ, ಕೊಪ್ಪದ ತೋಟಗಳನ್ನು ತಿಂದು ತೀರ್ಥಹಳ್ಳಿಯ ಗಡಿ ದಾಟಿದೆ. ಅದಕ್ಕೆ ಮದ್ದಿಲ್ಲ, ಇನ್ನೊಬ್ಬ ಕೋಲ್ಮನ್ ಹುಟ್ಟಿಲ್ಲ. ಎಲೆಚುಕ್ಕಿ ರೋಗ ಈಚಿನ ವರ್ಷಗಳಲ್ಲಿ ಹೊಸನಗರ, ತೀರ್ಥಹಳ್ಳಿ, ಸಾಗರದ ಮಳೆ ಹೆಚ್ಚಿರುವ ಮಗ್ಗುಲಿನ ತೋಟಗಳ ಸೋಗೆಯನ್ನು ಸುಟ್ಟಂತೆ ಮಾಡಿದೆ. ಇದೇ ಹೊತ್ತಿಗೆ ಘಟ್ಟದ ಮಳೆಯನ್ನೇ ಕಾಣದ ಚನ್ನಗಿರಿ, ದಾವಣಗೆರೆ ಕಡೆ ಭದ್ರಾ ನಾಲೆಯ ನೀರಿನಲ್ಲಿ, ಕೊಳವೆಬಾವಿಯ ನೀರಿನಲ್ಲಿ ಭತ್ತದ ಗದ್ದೆ, ಜೋಳದ ಹೊಲಗಳೆಲ್ಲ ಅಡಿಕೆಗೆ ಮತಾಂತರಗೊಂಡಿವೆ. ಅಲ್ಲಿ ಮಳೆ ಕಡಿಮೆಯಾದ್ದರಿಂದ ಕೊಳೆಯ ಕಾಟವೂ ಕಡಿಮೆ. ಮರಗಳು ಕೈಗೆಟಕುವಂತಿವೆ, ಫಸಲು ಭಾರಿ. ತಲೆಮಾರುಗಳ ಕಾಲ ನೀಲಿ ನೀರಿನಲ್ಲಿ ತೊಯ್ದು, ಉದುರಿದ್ದನ್ನು ಆಯ್ದು, ಏಕೆ ನನಗೆ ಎಂದು ಕೇಳಿ ಕೇಳಿ ಮತವನ್ನು ಕಟ್ಟಿದವರಿಗಿಂತ ಪರೀಕ್ಷೆಯೇ ಬರೆಯದೆ ಪಾಸಾದ ನವದೀಕ್ಷಿತರ ಮೇಲೆ ದೇವರಿಗೆ ಹೆಚ್ಚು ಪ್ರೀತಿ ಎಂದು ಕಾಣುತ್ತದೆ. ಮೂಲನಿವಾಸಿಗಳು ಇದಕ್ಕೆ ಬಯಲುಸೀಮೆಯ ಅಡಿಕೆಗೆ ಮಲೆನಾಡಿನದರ ಗುಣವಿಲ್ಲ ಎಂದು ಸಮಾಧಾನ ಹೇಳಿಕೊಳ್ಳುತ್ತಾರೆ. ಮಂಡಿಯಲ್ಲಿ ರಾಶಿಗೆ ರಾಶಿ ಸೇರಿದ ಮೇಲೆ ಗುಣದ ಗೋತ್ರ ಹೇಳುವುದು ಸುಲಭವಲ್ಲ. ದೇವರು ವಲಸೆ ಹೋದರೆ ಪೂಗರಾಷ್ಟ್ರ ಮುಗಿದಂತೆಯೇ ಎಂದರೆ ಮುಗಿದಂತಲ್ಲ. ಕೆಳದಿಯ ಪೂರ್ವನಿದರ್ಶನ ನಮ್ಮ ಬಳಿ ಇದೆ. ರಾಜಧಾನಿ ಕೆಳದಿಯಿಂದ ಇಕ್ಕೇರಿಗೆ, ಇಕ್ಕೇರಿಯಿಂದ ಬಿದನೂರಿಗೆ ಹೋದಾಗ ರಾಜ್ಯದ ಹೆಸರು ಕೆಳದಿ ಎಂದೇ ಉಳಿಯಿತು. ಇಕ್ಕೇರಿಯಲ್ಲಿ ನಿಂತುಹೋದ ಟಂಕಸಾಲೆಯ ಹೆಸರೂ ಇಕ್ಕೇರಿ ವರಹವೆಂದು ಬಿದನೂರಿನ ನಾಣ್ಯಕ್ಕೂ ಮುಂದುವರಿಯಿತು. ಆ ನ್ಯಾಯದ ಪ್ರಕಾರ ರಾಜಧಾನಿ ಚನ್ನಗಿರಿಗೆ ಹೋದರೂ ರಾಷ್ಟ್ರ ಊರ್ಜಿತವೇ. ಸಾಗರ, ಹೊಸನಗರ, ತೀರ್ಥಹಳ್ಳಿಯ ಪ್ರಜೆಗಳು ಆಗ ಪೌರತ್ವದ ಕಾಗದಕ್ಕೆ ಶಿವಮೊಗ್ಗದಲ್ಲಿ ಬಸ್ಸು ಬದಲಿಸಿ ಚನ್ನಗಿರಿಗೆ ಹೋಗಿಬರಬೇಕಾಗುತ್ತದೆ, ಅಷ್ಟೆ. ಕೊಳೆ ಔಷಧಿ ಹೊಡೆಯುವ ದಿನ ಮಾತ್ರ ಯಾರನ್ನೂ ಕರೆಸಬಾರದೆಂದು ಮೊದಲೇ ಬರೆಸಿಕೊಳ್ಳುವುದು ಒಳ್ಳೆಯದು.